ಎದುರಾಳಿಯ ಅಪ್ಪನಿಗೆ ಕ್ಷೌರ

ಬೆಳಗಿನ ಐದೂ ಮುಕ್ಕಾಲು. ವಿನಿಪೆಗ್‌ನಲ್ಲಿ
ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರುಗಳೆಲ್ಲ
ಮೂಗಿಗೆ ವಯರು ಸಿಕ್ಕಿಸಿಕೊಂಡು
ಒಳರೋಗಿಗಳ ಹಾಗೆ ಸಾಲಾಗಿ ಮಲಗಿವೆ.
ಒಂದೊಂದರ ಗಾಜಿಗೂ ನನ್ನ ಹೆಸರಿನ ಚೀಟಿ ಸಿಕ್ಕಿಸುತ್ತ ಬಂದೆ,
ಕೈಗವಸು ಬಿಚ್ಚಿದ ಬೆರಳು ನನ್ನದಲ್ಲ ಅನ್ನಿಸುವವರೆಗೆ.

ಕ್ಲಾರಿಟಾ ಮನಲಸ್ತಾಸ್, ಆರೈಕೆ ಸಹಾಯಕಿ,
ನಾಲ್ಕನೇ ಮಹಡಿ. ಸಂಘದ ಅಧ್ಯಕ್ಷ ಸ್ಥಾನಕ್ಕೆ.
ಫೋಟೋ ಮಗಳು ತೆಗೆದದ್ದು. ನಗು ಅಂದಳು, ನಕ್ಕೆ;
ಸಾಲ ಕೇಳಲು ಬಂದವಳ ನಗು ಬಿದ್ದಿದೆ.

ಹದಿನೈದು ವರ್ಷದಿಂದ ಆ ಕುರ್ಚಿ ಓರೆಸ್ಟ್ ಹ್ರಿಂಚುಕನದು.
ಕೆಟ್ಟವನಲ್ಲ. ಕಷ್ಟ ಇರುವುದೇ ಅಲ್ಲಿ.
ನನ್ನ ಬೆನ್ನುಮೂಳೆ ಜಾರಿದ ವರ್ಷ
ಮೇಲಿನವರ ಮುಂದೆ ಮೇಜು ಕುಟ್ಟಿ
ಕೆಲಸ ಉಳಿಸಿಕೊಟ್ಟವನು ಅವನೇ.
ಆಮೇಲೆ ಮೇಜಿನ ಆ ಬದಿಯ ಕಾಫಿ
ಅವನಿಗೆ ರುಚಿಸತೊಡಗಿತು.
ರಾತ್ರಿಪಾಳಿಯಲ್ಲಿ ಮೂವತ್ತನಾಲ್ಕು ರೋಗಿಗಳಿಗೆ ಇಬ್ಬರೇ ಅಂದರೆ
"ಗಮನಕ್ಕೆ ಬಂದಿದೆ" ಅನ್ನುತ್ತಾನೆ,
ಅವರದೇ ದನಿಯಲ್ಲಿ.

ಭಾನುವಾರದ ಸಭೆಗೆ ಅವನ ಕಡೆಯವರು ಪೆರೋಗಿ ಬೇಯಿಸಿ ತಂದರು,
ನಮ್ಮವರು ದೊಡ್ಡ ತಟ್ಟೆ ತುಂಬ ಪಾನ್ಸಿತ್.
ಜನ ಎರಡನ್ನೂ ಉಂಡು
ಯಾರಿಗೂ ಮಾತು ಕೊಡದೆ ಕೈ ತೊಳೆದರು.
ಲಾಂಡ್ರಿಯ ಟೆಸ್ಫಾಯ್ ಮಾತ್ರ ಕೇಳಿದ: "ನೀನು ಗೆದ್ದರೆ
ನನ್ನ ಮಗುವಿನ ಜ್ಞಾನಸ್ನಾನದ ದಿನ ರಜೆ ಸಿಗುತ್ತದಾ?"
ಮೂರು ರಾತ್ರಿ ಕೂತು ಬರೆದ ಭಾಷಣದಲ್ಲಿ
ಅದಕ್ಕೆ ಉತ್ತರ ಇರಲಿಲ್ಲ.
"ನೋಡೋಣ" ಅಂದೆ. ಅಂದದ್ದೇ
ಬಾಯಲ್ಲಿ ಆ ಕಾಫಿಯ ರುಚಿ.

ಇವತ್ತು ಮತದಾನ.
ಹನ್ನೆರಡನೇ ಕೋಣೆಯಲ್ಲಿ ಓರೆಸ್ಟನ ಅಪ್ಪ.
ಎಂಬತ್ತೊಂಬತ್ತು. ರೈಲು ಯಾರ್ಡಿನಲ್ಲಿ ಬೆಸುಗೆ ಹಾಕಿದ ಕೈ
ಈಗ ಹೊದಿಕೆಯ ಅಂಚನ್ನು ಬೆಸೆಯುತ್ತಲೇ ಇರುತ್ತದೆ.
ನೆನಪು, ಹೇಳದೆ ಬಂದು ಹೇಳದೆ ಹೋಗುವ ನೆಂಟ.
ದಿನ ಬಿಟ್ಟು ದಿನ ಕ್ಷೌರ ನನ್ನ ಪಾಲಿಗೆ.

ಬಿಸಿ ಬಟ್ಟೆ ಒತ್ತಿ, ನೊರೆ ಬಳಿದು,
ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿದೆ.
ಬ್ಲೇಡು ಕೊರಳ ಗುಳಿಯ ಹತ್ತಿರ ಇರುವಾಗ
ಮುದುಕ ಕಣ್ಣು ತೆರೆದ:
"ನಿನ್ನ ಮುಖ ಕಾಗದದಲ್ಲಿ ನೋಡಿದೆ. ಏನು ಮಾರುತ್ತೀ?"
ವಾರ್ಡಿನಲ್ಲಿ ಮತ ಕೇಳಕೂಡದು, ನಿಯಮ.
"ಏನಿಲ್ಲ. ಗಲ್ಲ ಎತ್ತಿ."
ಎತ್ತಿದ. ನೊರೆಯೊಳಗಿಂದಲೇ ಹೇಳಿದ:
"ನನ್ನ ಮಗನೂ ಯೂನಿಯನ್ನಿನವನು. ಅವನಿಗೆ ಹೇಳು,
ಮುಷ್ಕರದ ಹತ್ತೊಂಬತ್ತು ದಿನ ಬರೀ ಬೀಟ್ರೂಟ್ ಸಾರು ಕುಡಿದೆವು.
ಅವನ ಅಮ್ಮ ಉಂಗುರ ಅಡವಿಟ್ಟಳು.
ಬಿಡಿಸಿಕೊಂಡು ಬಾ ಅಂತ ಹೇಳು."
"ಹೇಳುತ್ತೇನೆ" ಅಂದೆ.
ಇಡೀ ಪ್ರಚಾರದಲ್ಲಿ ನಾನು ಕೊಟ್ಟ
ಒಂದೇ ಗಟ್ಟಿ ಮಾತು.

ನೆಲಮಾಳಿಗೆಯಲ್ಲಿ ಮತಪೆಟ್ಟಿಗೆ:
ಕೈಗವಸಿನ ಖಾಲಿ ಡಬ್ಬಕ್ಕೆ ಕಂದು ಟೇಪು ಸುತ್ತಿದ್ದು.
ನನ್ನ ಹೆಸರಿನೆದುರು ಗುರುತು ಹಾಕುವಾಗ
ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗೆ ನಾಚಿಕೆ,
ಅವನು ಉಳಿಸಿಕೊಟ್ಟ ಅದೇ ಬೆನ್ನು.
ಒತ್ತಿ ಹಾಕಿದೆ, ಹಾಳೆ ತೂತಾಗುವಷ್ಟು.
ಆ ಮತ ಕೆಟ್ಟುಹೋಗಿರಲೂಬಹುದು.

ಹೊರಗೆ ಓರೆಸ್ಟ್, ಕೈಯಲ್ಲಿ ಎರಡು ಕಾಗದದ ಲೋಟ;
ಎರಡನೆಯದು ಯಾರಿಗೆಂದು ಅವನಿಗೂ ಗೊತ್ತಿದ್ದಂತಿಲ್ಲ.
"ಅಪ್ಪ ಹೇಗಿದ್ದಾರೆ?"
"ಗಡ್ಡ ಹೆರೆದೆ. ಉಂಗುರ ಬಿಡಿಸಿಕೊಂಡು ಬರಬೇಕಂತೆ."
ಲೋಟ ಇಡಲು ಜಾಗ ಹುಡುಕಿದ.
ಸಿಗದೆ ಒಂದನ್ನು ನನ್ನ ಕೈಗಿಟ್ಟ.

ಲಿಫ್ಟು ಕೆಟ್ಟು ಎರಡು ವಾರ. ದೂರು ಕೊಟ್ಟವಳು ನಾನು,
ಗಮನಕ್ಕೆ ತಂದುಕೊಂಡವನು ಅವನು.
ಮೆಟ್ಟಿಲು ಹತ್ತಿದೆವು. ಎಣಿಕೆ ಏಳಕ್ಕೆ,
ನನ್ನ ಪಾಳಿ ಮುಗಿಯುವುದು ಏಳೂವರೆಗೆ.
ಎರಡನೇ ಮಹಡಿಯಲ್ಲಿ ಏದುಸಿರು ಬಂದು
ಅವನು ಕಂಬಿ ಹಿಡಿದು ನಿಂತ.
ಕಾಫಿ ಚೆಲ್ಲದ ಹಾಗೆ
ನಾನೂ ನಿಂತೆ.